ಸಾಫ್ಟ್‌ವೇರ್ ಹೊಸದಾಯಿತು, ಕೀ ಹಳೆಯದೇ ಉಳಿಯಿತು

ದೂರದ ಸರ್ವರ್‌ಗೆ ಲಾಗಿನ್ ಆಗಲು, ಕ್ಲೌಡ್‌ಗೆ ಫೈಲ್ ಹಾಕಲು ನಾವು ಬಳಸುವ ಪುಟ್ಟಿ, ವಿನ್‌ಎಸ್‌ಸಿಪಿ, ಫೈಲ್‌ಜಿಲ್ಲಾ, ಸೈಬರ್‌ಡಕ್ ಬಗ್ಗೆ ಈ ಸಲ ಜಾಸ್ತಿ ಪ್ರಶ್ನೆಗಳು ಬಂದಿವೆ. ಎಲ್ಲವೂ ಸುತ್ತಿ ಬಳಸಿ ಅಪ್‌ಡೇಟ್ ಬಗ್ಗೆಯೇ. ಮೊದಲ ಉತ್ತರ ಉದ್ದವಾಗಿದೆ. ಸರ್ವರ್ ನೋಡಿಕೊಳ್ಳುವವರು ಅದನ್ನು ಪೂರ್ತಿ ಓದಲೇಬೇಕು ಅಂತ ಕೇಳಿಕೊಳ್ಳುತ್ತೇನೆ.

ಪ್ರಶ್ನೆ: ಧಾರವಾಡದಲ್ಲಿ ನಾಲ್ಕೈದು ಸಣ್ಣ ಸಂಸ್ಥೆಗಳ ವೆಬ್‌ಸೈಟ್ ನೋಡಿಕೊಳ್ಳುತ್ತೇನೆ. 2020ರಲ್ಲಿ ಹಾಕಿದ ವಿನ್‌ಎಸ್‌ಸಿಪಿ 5.17, ಜೊತೆಗೆ ಪುಟ್ಟಿ. ಎರಡೂ ಚೆನ್ನಾಗಿ ಕೆಲಸ ಮಾಡುತ್ತಿವೆ. ಎಲ್ಲ ಸರ್ವರ್‌ಗೂ ಒಂದೇ ಕೀ (ಪಾಸ್‌ವರ್ಡ್ ಬದಲು ಲಾಗಿನ್‌ಗೆ ಬಳಸುವ ಗುಟ್ಟಿನ ಫೈಲ್) ಇಟ್ಟುಕೊಂಡಿದ್ದೇನೆ. ಗೆಳೆಯನೊಬ್ಬ ‘ಕೂಡಲೇ ಅಪ್‌ಡೇಟ್ ಮಾಡು’ ಎನ್ನುತ್ತಾನೆ. ಸರಿಯಾಗಿ ನಡೆಯುತ್ತಿರುವುದನ್ನು ಸುಮ್ನೆ ಯಾಕೆ ಮುಟ್ಟಬೇಕು?

ನಿಮ್ಮ ಗೆಳೆಯ ಹೇಳಿದ್ದು ಸರಿ. ಆದರೆ ಅರ್ಧ ಮಾತ್ರ ಹೇಳಿದ್ದಾರೆ. ಅಪ್‌ಡೇಟ್ ಮಾಡಿ. ಆಮೇಲೆ ನಿಮ್ಮ ಕೀ ಯಾವ ಬಗೆಯದು ಅಂತ ಇವತ್ತೇ ನೋಡಿ.

2024ರ ಏಪ್ರಿಲ್‌ನಲ್ಲಿ ಪುಟ್ಟಿ 0.81 ಬಂತು. ಜರ್ಮನಿಯ ರೂರ್ ವಿಶ್ವವಿದ್ಯಾಲಯ ಬೋಖುಮ್‌ನ ಫೇಬಿಯನ್ ಬಾಯ್ಮರ್ ಮತ್ತು ಮಾರ್ಕಸ್ ಬ್ರಿಂಕ್‌ಮನ್ ಕಂಡುಹಿಡಿದ ಒಂದು ದೋಷ ಸರಿಪಡಿಸಲೆಂದೇ ಬಂದ ಆವೃತ್ತಿ ಅದು. ಪುಟ್ಟಿ 0.68ರಿಂದ 0.80ರವರೆಗೆ ಎಲ್ಲದರಲ್ಲೂ ಆ ದೋಷ ಇತ್ತು. ವಿನ್‌ಎಸ್‌ಸಿಪಿ ಮತ್ತು ಫೈಲ್‌ಜಿಲ್ಲಾ ಒಳಗೂ ಪುಟ್ಟಿಯದೇ ಕೋಡ್ ಇದೆ. ಹಾಗಾಗಿ ವಿನ್‌ಎಸ್‌ಸಿಪಿ 5.9.5ರಿಂದ 6.3.2ರವರೆಗೆ, ಫೈಲ್‌ಜಿಲ್ಲಾ 3.24.1ರಿಂದ 3.66.5ರವರೆಗೆ ಅದೇ ತೊಂದರೆ. ನಿಮ್ಮ 5.17 ಸರಿಯಾಗಿ ಇದರ ನಡುವೆ ಬರುತ್ತದೆ.

ದೋಷ ಏನು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೀವು ಕೀ ಬಳಸಿ ಲಾಗಿನ್ ಆದಾಗ ಆ ಕೀ ಸರ್ವರ್‌ಗೆ ಹೋಗುವುದಿಲ್ಲ. ಕೀಯಿಂದ ಹಾಕಿದ ಒಂದು ಸಹಿ ಮಾತ್ರ ಹೋಗುತ್ತದೆ. ಇಸಿಡಿಎಸ್‌ಎ ಬಗೆಯ ಕೀಗಳಲ್ಲಿ ಪ್ರತಿ ಸಹಿಗೂ ಯಾರೂ ಊಹಿಸಲಾಗದ ಒಂದು ಹೊಸ ಸಂಖ್ಯೆ ಬೇಕು. ಪಿ-521 ಎಂಬ ಕೀಗೆ ಆ ಸಂಖ್ಯೆ 521 ಬಿಟ್ ಉದ್ದ ಇರಬೇಕು. ಪುಟ್ಟಿ ಬಳಸುತ್ತಿದ್ದ ವಿಧಾನದಿಂದ ಸಿಗುತ್ತಿದ್ದುದು 512 ಬಿಟ್ ಅಷ್ಟೇ. ಉಳಿದ 9 ಬಿಟ್ ಪ್ರತಿ ಸಲವೂ ಸೊನ್ನೆ. ವಿಂಡೋಸ್‌ನಲ್ಲಿ ಭರವಸೆ ಇಡಬಹುದಾದ ಯಾದೃಚ್ಛಿಕ ಸಂಖ್ಯೆಗಳೇ ಸಿಗದಿದ್ದ ಕಾಲದಲ್ಲಿ ಮಾಡಿಕೊಂಡ ಏರ್ಪಾಡು ಅದು. ಆ ಕಾಲಕ್ಕೆ ಒಳ್ಳೆಯ ಉಪಾಯವೇ. ಮುಂದೆ ಪಿ-521 ಬಂದಾಗ ಅಳತೆ ಸಾಲದೆ ಹೋಯಿತು.

ಒಂದು ಸಹಿಯಿಂದ ಏನೂ ಗೊತ್ತಾಗುವುದಿಲ್ಲ. ಆದರೆ ಹನಿ ಹನಿ ಕೂಡಿದರೆ ಹಳ್ಳ. ಸುಮಾರು 60 ಸಹಿ ಕೈಗೆ ಸಿಕ್ಕರೆ ಸಾಕು, ಲೆಕ್ಕ ಹಾಕಿ ನಿಮ್ಮ ಗುಟ್ಟಿನ ಕೀಯನ್ನೇ ತೆಗೆಯಬಹುದು. ದಿನಕ್ಕೊಂದು ಸಲ ಲಾಗಿನ್ ಆದರೂ ಎರಡು ತಿಂಗಳಲ್ಲಿ ಅಷ್ಟು ಸಹಿ ಆಗಿಹೋಗುತ್ತದೆ, ಅಲ್ವಾ?

ದಾರಿಯಲ್ಲಿ ಕದ್ದು ಕೇಳುವವರಿಗೆ ಈ ಸಹಿ ಕಾಣುವುದಿಲ್ಲ. ಸಂಪರ್ಕ ಗೂಢಲಿಪಿಯಲ್ಲಿ ಇರುತ್ತದೆ. ಸಹಿ ಕಾಣುವುದು ನೀವು ಲಾಗಿನ್ ಆಗುವ ಸರ್ವರ್‌ಗೆ. ನಿಮ್ಮ ವಿಷಯದಲ್ಲಿ ನನಗೆ ಚಿಂತೆ ಇರುವುದೇ ಇಲ್ಲಿ. ಐದು ಗ್ರಾಹಕರ ಪೈಕಿ ಒಬ್ಬರ ಸರ್ವರ್ ಹ್ಯಾಕ್ ಆಯಿತು ಅಂತಿಟ್ಟುಕೊಳ್ಳಿ. ಅಲ್ಲಿ ಕೂತವನು ನಿಮ್ಮ ಸಹಿಗಳನ್ನು ಕೂಡಿಹಾಕಿ ಕೀ ತೆಗೆದರೆ ಉಳಿದ ನಾಲ್ವರ ಬಾಗಿಲೂ ತೆರೆದ ಹಾಗೆ. ಅವರು ನಿಮ್ಮನ್ನು ನಂಬಿ ಕೂತಿದ್ದಾರೆ.

ಈಗ ಪರೀಕ್ಷೆ ಮಾಡಿ. ಪುಟ್ಟಿಯ ಜೊತೆಗೇ ಬರುವ, ಕೀ ಮಾಡಿಕೊಡುವ ಪ್ರೋಗ್ರಾಂ ಪುಟ್ಟಿಜೆನ್ ತೆರೆಯಿರಿ. ‘ಲೋಡ್’ ಒತ್ತಿ ನಿಮ್ಮ ಕೀ ಫೈಲ್ ಆರಿಸಿ. ಮೇಲಿನ ಪೆಟ್ಟಿಗೆಯಲ್ಲಿ ಉದ್ದದ ಸಾಲು ಕಾಣುತ್ತದೆ. ಅದರ ಮೊದಲ ಪದ ‘ಇಸಿಡಿಎಸ್‌ಎ’ ಅಂತ ಶುರುವಾಗಿ ‘ನಿಸ್ಟ್‌ಪಿ521’ ಅಂತ ಮುಗಿದರೆ ಆ ಕೀ ಕೆಟ್ಟಿತು ಅಂತಲೇ ತಿಳಿಯಿರಿ. ಆರ್‌ಎಸ್‌ಎ ಅಥವಾ ಇಡಿ25519 ಅಂತ ಇದ್ದರೆ ಈ ದೋಷ ನಿಮಗೆ ತಟ್ಟಿಲ್ಲ. ಪುಟ್ಟಿಜೆನ್ ತಾನಾಗಿಯೇ ಆರಿಸುವುದು ಆರ್‌ಎಸ್‌ಎ. ಹಾಗಾಗಿ ಏನೂ ಬದಲಿಸದೆ ಕೀ ಮಾಡಿಕೊಂಡವರು ಬಚಾವ್. ‘ದೊಡ್ಡ ನಂಬರ್ ಇದ್ದರೆ ಜಾಸ್ತಿ ಭದ್ರ’ ಅಂತ 521 ಆರಿಸಿದ ಜಾಗರೂಕ ಜನರೇ ಸಿಕ್ಕಿಬಿದ್ದರು. ಅದು ನನಗೆ ತುಂಬ ಬೇಸರದ ಸಂಗತಿ.

ಕೀ ಪಿ-521 ಆಗಿದ್ದರೆ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ ಸುಮ್ಮನಾಗುವಂತಿಲ್ಲ. ಹೊಸ ಆವೃತ್ತಿ ಮುಂದಿನ ಸಹಿಗಳನ್ನು ಸರಿಯಾಗಿ ಹಾಕುತ್ತದೆ. ಹಿಂದೆ ಹಾಕಿದ ಸಹಿಗಳು ಹೋದವು, ಅವನ್ನು ವಾಪಸ್ ತರಲಾಗದು. ಕೀಯನ್ನೇ ಬದಲಿಸಬೇಕು. ಮೊದಲು ಪುಟ್ಟಿ ಮತ್ತು ವಿನ್‌ಎಸ್‌ಸಿಪಿ ಎರಡನ್ನೂ ಹೊಸದು ಮಾಡಿ. ಇಡಿ25519 ಬಗೆಯ ಹೊಸ ಕೀ ಮಾಡಿ, ಒಳ್ಳೆಯ ಪಾಸ್‌ಫ್ರೇಸ್ (ಕೀ ಫೈಲಿಗೇ ಹಾಕುವ ಪಾಸ್‌ವರ್ಡ್) ಕೊಡಿ. ಸಾಧ್ಯವಾದರೆ ಒಬ್ಬೊಬ್ಬ ಗ್ರಾಹಕರಿಗೂ ಬೇರೆ ಬೇರೆ ಕೀ. ಹೊಸ ಕೀಯ ಸಾರ್ವಜನಿಕ ಸಾಲನ್ನು, ಅಂದರೆ ಪುಟ್ಟಿಜೆನ್‌ನ ಮೇಲಿನ ಪೆಟ್ಟಿಗೆಯಲ್ಲಿ ಕಾಣುವ ಆ ಉದ್ದದ ಸಾಲನ್ನು, ಸರ್ವರ್‌ನ ‘ಆಥರೈಸ್ಡ್ ಕೀಸ್’ ಫೈಲ್‌ಗೆ ಸೇರಿಸಿ. ಈಗ ತೆರೆದಿರುವ ವಿಂಡೋ ಮುಚ್ಚಬೇಡಿ. ಇನ್ನೊಂದು ವಿಂಡೋ ತೆರೆದು ಹೊಸ ಕೀಯಿಂದ ಲಾಗಿನ್ ಆಗುತ್ತದಾ ನೋಡಿ. ಆದ ಮೇಲೆ ಹಳೆ ಸಾಲನ್ನು ಅಳಿಸಿ. ಈ ಕ್ರಮ ತಪ್ಪಿದರೆ ನೀವೇ ಹೊರಗೆ ಉಳಿಯುತ್ತೀರಿ. ಕೋಡ್ ಇಡುವ ಗಿಟ್ ಖಾತೆಗಳಿಗೆ ಅದೇ ಕೀ ಕೊಟ್ಟಿದ್ದರೆ ಅಲ್ಲಿಂದಲೂ ತೆಗೆಯಿರಿ.

ಪುಟ್ಟಿ ತಾನಾಗಿ ಅಪ್‌ಡೇಟ್ ಹುಡುಕುವುದಿಲ್ಲ, ‘ಹೊಸದು ಬಂದಿದೆ’ ಅಂತ ಹೇಳುವುದೂ ಇಲ್ಲ. ಒಂದೇ ಫೈಲ್ ಆದ್ದರಿಂದ ಎಲ್ಲರೂ ಪೆನ್‌ಡ್ರೈವ್‌ನಲ್ಲಿ, ಡೆಸ್ಕ್‌ಟಾಪ್‌ನಲ್ಲಿ ಕಾಪಿ ಇಟ್ಟುಕೊಂಡಿರುತ್ತಾರೆ. ಮೊನ್ನೆ ನನ್ನ ಹಳೆ ಪೆನ್‌ಡ್ರೈವ್‌ನಲ್ಲಿ 0.70 ಸಿಕ್ಕಿತು, 2017ರದ್ದು. ಅಂಥ ಕಾಪಿಗಳನ್ನೂ ಹುಡುಕಿ ತೆಗೆದುಹಾಕಿ.

ಪ್ರಶ್ನೆ: ನಾನು ಏನೂ ಬದಲಿಸಿಲ್ಲ. ಹೋಸ್ಟಿಂಗ್‌ನವರು ಸರ್ವರ್ ಹೊಸದು ಮಾಡಿದ ಮರುದಿನದಿಂದ ಪುಟ್ಟಿ ‘ಸರ್ವರ್ ನಮ್ಮ ಕೀ ಒಪ್ಪಲಿಲ್ಲ’ ಎನ್ನುತ್ತಿದೆ. ಆರ್‌ಎಸ್‌ಎ ಕೀ, ಪುಟ್ಟಿ 0.73. ಹೊಸ ಕೀ ಮಾಡಬೇಕಾ? (ಶಿವಮೊಗ್ಗದಿಂದ)

ಬೇಡ. ಇಲ್ಲಿ ಮೇಲಿನದಕ್ಕೆ ಪೂರ್ತಿ ಉಲ್ಟಾ. ಕೀ ಚೆನ್ನಾಗಿದೆ, ಸಾಫ್ಟ್‌ವೇರ್ ಹಳೆಯದಾಗಿದೆ.

ಹೆಚ್ಚಿನ ಲಿನಕ್ಸ್ ಸರ್ವರ್‌ಗಳಲ್ಲಿ ಬಾಗಿಲು ಕಾಯುವುದು ಓಪನ್‌ಎಸ್‌ಎಸ್‌ಎಚ್. 2021ರ ಸೆಪ್ಟೆಂಬರ್‌ನ 8.8 ಆವೃತ್ತಿಯಿಂದ ಅದು ಶಾ-1 ಎಂಬ ಹಳೆ ವಿಧಾನದಲ್ಲಿ ಹಾಕಿದ ಆರ್‌ಎಸ್‌ಎ ಸಹಿಯನ್ನು ತಾನಾಗಿ ಒಪ್ಪುವುದಿಲ್ಲ. ಆ ವಿಧಾನ ದುರ್ಬಲ ಅಂತ ಸಾಬೀತಾಗಿದೆ. ಅದೇ ಆರ್‌ಎಸ್‌ಎ ಕೀಯಿಂದ ಶಾ-2 ವಿಧಾನದಲ್ಲಿ ಸಹಿ ಹಾಕಿದರೆ ಒಪ್ಪುತ್ತದೆ. ಪುಟ್ಟಿಗೆ ಅದು ಬರುವುದು 2021ರ ಮೇ ತಿಂಗಳ 0.75ರಿಂದ. ನಿಮ್ಮದು 0.73. ಈಗಿನ ಆವೃತ್ತಿ ಹಾಕಿ, ಅದೇ ಕೀ ಕೊಡಿ, ಒಳಗೆ ಹೋಗುತ್ತೀರಿ.

ಸರ್ವರ್‌ನಲ್ಲಿ ಶಾ-1 ಮತ್ತೆ ತೆರೆಯಲು ಒಂದು ಸಾಲಿನ ಉಪಾಯ ಇದೆ. ಹೋಸ್ಟಿಂಗ್‌ನವರು ಅದನ್ನು ಮಾಡಿಕೊಡುತ್ತೇವೆ ಎಂದರೂ ಬೇಡ ಅನ್ನಿ.

ಇನ್ನೊಂದು ವಿಷಯ. 0.75ರಿಂದ ಪುಟ್ಟಿಜೆನ್ ಕೀ ಫೈಲನ್ನು ಹೊಸ ಬಗೆಯಲ್ಲಿ ಉಳಿಸುತ್ತದೆ. 0.74 ಮತ್ತು ಅದಕ್ಕೂ ಹಿಂದಿನವು ಆ ಫೈಲನ್ನು ಓದಲಾರವು. ‘ಆಫೀಸ್‌ನಲ್ಲಿ ಮಾಡಿದ ಕೀ ಮನೆಯಲ್ಲಿ ತೆರೆಯುವುದಿಲ್ಲ’ ಅಂತ ಬರೆದ ಇಬ್ಬರು ಓದುಗರಿಗೂ ಇದೇ ಉತ್ತರ. ಫೈಲ್ ಹಾಳಾಗಿಲ್ಲ, ಮನೆಯ ಪುಟ್ಟಿಯನ್ನೂ ಹೊಸದು ಮಾಡಿ.

ಪ್ರಶ್ನೆ: ಸೈಬರ್‌ಡಕ್ ಮುಚ್ಚುವಾಗ ದುಡ್ಡು ಕೇಳುತ್ತದೆ. ಕೊಡದಿದ್ದರೆ ನಿಂತುಹೋಗುತ್ತದಾ? (ಉಡುಪಿಯಿಂದ)

ಇಲ್ಲ. ಅದು ದೇಣಿಗೆ, ಬಾಕಿ ಅಲ್ಲ. ಡೇವಿಡ್ ಕೋಖರ್ ಎಂಬವರು 2002ರಲ್ಲಿ ಮ್ಯಾಕ್‌ಗಾಗಿ ಶುರು ಮಾಡಿದ ಮುಕ್ತ ತಂತ್ರಾಂಶ ಅದು. ಆಮೇಲೆ ವಿಂಡೋಸ್‌ಗೂ ಬಂತು. ದುಡ್ಡು ಕೊಡದಿದ್ದರೂ ಎಲ್ಲ ಕೆಲಸ ಮಾಡುತ್ತದೆ. ಆದರೆ ನಿಮ್ಮ ದುಡಿಮೆ ಅದರ ಮೇಲೆ ನಿಂತಿದ್ದರೆ ಒಂದು ಸಲ ಕೊಡಿ. ಸರ್ವರ್‌ಗಳು ಬದಲಾದ ಹಾಗೆಲ್ಲ ಇದನ್ನು ಸರಿಪಡಿಸುತ್ತ ಕೂರುವುದು ಸಣ್ಣ ಕೆಲಸ ಅಲ್ಲ.

ಪ್ರಶ್ನೆ: ಇಪ್ಪತ್ತು ವರ್ಷದ ಯಕ್ಷಗಾನದ ಆಡಿಯೋಗಳನ್ನು ಕ್ಲೌಡ್‌ನಲ್ಲಿ ಇಟ್ಟಿದ್ದೇನೆ. ಸ್ವಲ್ಪ ಗೂಗಲ್ ಡ್ರೈವ್‌ನಲ್ಲಿ, ಸ್ವಲ್ಪ ಅಮೆಜಾನ್ ಎಸ್3 ಮುಂಬೈನಲ್ಲಿ. ನನ್ನ ಹಳೆ ಪ್ರೋಗ್ರಾಂ ಮೊದಲು ಒಂದು ಕೋಡ್ ಕಾಪಿ ಮಾಡಿ ಅಂಟಿಸಿದರೆ ಡ್ರೈವ್ ತೆರೆಯುತ್ತಿತ್ತು. ಈಗ ಗೂಗಲ್ ತಡೆಯುತ್ತದೆ. ಮುಂಬೈಯದಂತೂ ಈ ಪ್ರೋಗ್ರಾಂನಲ್ಲಿ ಎಂದೂ ತೆರೆದಿಲ್ಲ. ಅಪ್‌ಡೇಟ್ ಮಾಡಿದರೆ ಆಡಿಯೋ ಅಳಿಸಿಹೋದೀತೇ ಎಂಬ ಭಯ. (ಸಾಗರದಿಂದ)

ಮೊದಲು ಭಯ ಬಿಡಿ. ಆಡಿಯೋ ಇರುವುದು ಕ್ಲೌಡ್‌ನಲ್ಲಿ. ನಿಮ್ಮ ಕಂಪ್ಯೂಟರ್‌ನಲ್ಲಿರುವ ಪ್ರೋಗ್ರಾಂ ಬರೀ ಬಾಗಿಲು. ಬಾಗಿಲು ಬದಲಿಸಿದರೆ ಒಳಗಿನ ಸಾಮಾನು ಹೋಗುವುದಿಲ್ಲ.

ಕೋಡ್ ಕಾಪಿ ಮಾಡಿ ಅಂಟಿಸುವ ದಾರಿಯನ್ನು ಗೂಗಲ್ 2023ರ ಜನವರಿ 31ಕ್ಕೆ ಪೂರ್ತಿ ಮುಚ್ಚಿತು. ಮೋಸಗಾರರು ಜನರಿಗೆ ಫೋನ್, ಮೇಲ್ ಮಾಡಿ ಅದೇ ಕೋಡನ್ನು ಕೇಳಿ ಪಡೆಯಬಹುದಿತ್ತು, ಅದಕ್ಕೆ. ಹೊಸ ಪ್ರೋಗ್ರಾಂಗಳು ಬ್ರೌಸರ್ ತೆರೆದು, ನೀವು ಒಪ್ಪಿದ ಮೇಲೆ ತಾವೇ ಉತ್ತರ ಪಡೆಯುತ್ತವೆ. ಡ್ರಾಪ್‌ಬಾಕ್ಸ್ ಕೂಡ 2021ರ ಸೆಪ್ಟೆಂಬರ್ ಕೊನೆಗೆ ಇದೇ ರೀತಿ ತನ್ನ ಪ್ರವೇಶದ ವಿಧಾನ ಬಿಗಿ ಮಾಡಿತು.

ಮುಂಬೈಯ ಕಥೆ ಬೇರೆ. ಅಮೆಜಾನ್‌ನ ಮುಂಬೈ ಕೇಂದ್ರ ಶುರುವಾದದ್ದು 2016ರ ಜೂನ್‌ನಲ್ಲಿ. ಅಲ್ಲೂ ಪ್ರೋಗ್ರಾಂ ತನ್ನ ಗುರುತಿಗಾಗಿ ಒಂದು ಬಗೆಯ ಸಹಿ ಹಾಕಬೇಕು. 2014ರ ಜನವರಿ ನಂತರ ತೆರೆದ ಕೇಂದ್ರಗಳು ಆ ಸಹಿಯ ನಾಲ್ಕನೇ ಆವೃತ್ತಿಯನ್ನು ಮಾತ್ರ ಒಪ್ಪುತ್ತವೆ. ಹಳೆ ಪ್ರೋಗ್ರಾಂಗೆ ಎರಡನೇ ಆವೃತ್ತಿಯ ಸಹಿ ಮಾತ್ರ ಗೊತ್ತಿದ್ದರೆ ಅಮೆರಿಕದ ಹಳೆ ಕೇಂದ್ರದಲ್ಲಿರುವುದು ತೆರೆಯಬಹುದು, ಮುಂಬೈಯದು ತೆರೆಯುವುದಿಲ್ಲ. ಪಾಸ್‌ವರ್ಡ್ ತಪ್ಪಿರಬೇಕು ಅಂತ ನೀವು ಪದೇ ಪದೇ ಬದಲಿಸಿದ್ದೀರಂತೆ. ಪಾಪ, ಆ ಪಾಸ್‌ವರ್ಡ್‌ದು ತಪ್ಪೇ ಇರಲಿಲ್ಲ.

ಅಪ್‌ಡೇಟ್‌ಗೆ ಮೊದಲು ವಿಳಾಸಗಳ ಪಟ್ಟಿಯನ್ನು ಮಾತ್ರ ತೆಗೆದಿಡಿ. ಫೈಲ್‌ಜಿಲ್ಲಾದಲ್ಲಿ ‘ಫೈಲ್’ ಮೆನುವಿನಲ್ಲೇ ‘ಎಕ್ಸ್‌ಪೋರ್ಟ್’ ಇದೆ. ವಿನ್‌ಎಸ್‌ಸಿಪಿಯಲ್ಲೂ ಸೆಟ್ಟಿಂಗ್ ಬ್ಯಾಕಪ್ ತೆಗೆಯುವ ಆಯ್ಕೆ ಇದೆ. ಸೈಬರ್‌ಡಕ್ ಒಂದೊಂದು ಬುಕ್‌ಮಾರ್ಕನ್ನೂ ‘ಡಕ್’ ಎಂಬ ಬಾಲ ಇರುವ ಪುಟ್ಟ ಫೈಲ್ ಆಗಿ ಇಡುತ್ತದೆ. ಆ ಫೋಲ್ಡರ್ ಕಾಪಿ ಮಾಡಿದರೆ ಆಯಿತು. ಒಂದು ಎಚ್ಚರಿಕೆ: ಮಾಸ್ಟರ್ ಪಾಸ್‌ವರ್ಡ್ ಹಾಕದಿದ್ದರೆ ಫೈಲ್‌ಜಿಲ್ಲಾ, ವಿನ್‌ಎಸ್‌ಸಿಪಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನು ಯಾರು ಬೇಕಾದರೂ ಸುಲಭವಾಗಿ ಬಿಡಿಸಬಹುದು. ಆ ಬ್ಯಾಕಪ್ ಫೈಲನ್ನು ಮಗನಿಗೆ ವಾಟ್ಸಾಪ್‌ನಲ್ಲಿ ಕಳಿಸುತ್ತೇನೆ ಅಂದಿದ್ದೀರಿ. ದಯವಿಟ್ಟು ಕಳಿಸಬೇಡಿ, ಪೆನ್‌ಡ್ರೈವ್‌ನಲ್ಲಿ ಕೊಡಿ.

ಮತ್ತೆ, ಇಪ್ಪತ್ತು ವರ್ಷದ ಯಕ್ಷಗಾನ ಸರ್. ಒಂದು ಪ್ರತಿ ಮನೆಯ ಹಾರ್ಡ್ ಡಿಸ್ಕ್‌ನಲ್ಲೂ ಇರಲಿ.

ಪ್ರಶ್ನೆ: ನಿಮ್ಮ ಹಿಂದಿನ ಅಂಕಣ ಓದಿ ವಿನ್‌ಎಸ್‌ಸಿಪಿ ಹೊಸದು ಮಾಡಲು ಹೊರಟೆ. ಹೆಸರು ಹುಡುಕಿದಾಗ ಮೊದಲು ಕಂಡದ್ದನ್ನು ಒತ್ತಿದೆ. ಜಿಪ್ ಫೈಲ್ ಬಂತು. ಅದರಲ್ಲಿನ ಸೆಟಪ್ ಒತ್ತಿದ ಮೇಲೆ ಏನೋ ಸರಿಯಿಲ್ಲ ಅನಿಸುತ್ತಿದೆ. (ಕಲಬುರಗಿಯಿಂದ)

ಈ ಉತ್ತರವನ್ನು ನಿಮಗೆ ಆಗಲೇ ಮೇಲ್‌ನಲ್ಲಿ ಕಳಿಸಿದ್ದೇನೆ. ಉಳಿದವರಿಗಾಗಿ ಇಲ್ಲಿ ಬರೆಯುತ್ತೇನೆ.

ಹುಡುಕಾಟದಲ್ಲಿ ಎಲ್ಲಕ್ಕಿಂತ ಮೇಲೆ ಕಾಣುವುದು ಬಹಳ ಸಲ ಜಾಹೀರಾತು. 2024ರಲ್ಲಿ ರ‍್ಯಾಪಿಡ್7 ಎಂಬ ಭದ್ರತಾ ಸಂಸ್ಥೆ ಸರಿಯಾಗಿ ಇಂಥದ್ದನ್ನೇ ಬಯಲಿಗೆಳೆಯಿತು. ವಿನ್‌ಎಸ್‌ಸಿಪಿ, ಪುಟ್ಟಿ ಹುಡುಕುವವರಿಗೆ ನಕಲಿ ಜಾಹೀರಾತು ತೋರಿಸಿ ಜಿಪ್ ಫೈಲ್ ಇಳಿಸುತ್ತಿದ್ದರು. ಒಳಗಿನ ಸೆಟಪ್ ಒತ್ತಿದರೆ ಹಿಂಬಾಗಿಲಿನಿಂದ ಬೇರೆಯದೇ ಕೋಡ್ ಓಡುತ್ತಿತ್ತು. ಒಂದು ಪ್ರಕರಣದಲ್ಲಿ ಅದು ಡೇಟಾ ಕದ್ದು, ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುವ ಪ್ರಯತ್ನದವರೆಗೂ ಹೋಯಿತು. ಈ ಪ್ರೋಗ್ರಾಂಗಳನ್ನು ಹುಡುಕುವವರ ಕೈಯಲ್ಲಿ ಸರ್ವರ್‌ಗಳ ಕೀ ಇರುತ್ತದೆ ಅಂತ ಕಳ್ಳರಿಗೆ ಚೆನ್ನಾಗಿ ಗೊತ್ತು.

ಇಳಿಸಿಕೊಂಡ ಫೈಲ್ ಅಸಲಿಯೇ ಅಂತ ತಿಳಿಯಲು ಅದರ ಮೇಲೆ ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’ಗೆ ಹೋಗಿ. ‘ಡಿಜಿಟಲ್ ಸಿಗ್ನೇಚರ್ಸ್’ ಎಂಬ ಪುಟ ಕಾಣಬೇಕು. ಪುಟ್ಟಿಯಾದರೆ ಸೈಮನ್ ಟ್ಯಾಥಮ್, ವಿನ್‌ಎಸ್‌ಸಿಪಿಯಾದರೆ ಮಾರ್ಟಿನ್ ಪ್ರಿಕ್ರಿಲ್ ಎಂಬ ಹೆಸರು ಇರುತ್ತದೆ. ಆ ಪುಟವೇ ಇಲ್ಲದಿದ್ದರೆ ಫೈಲ್ ತೆರೆಯಬೇಡಿ. ಪುಟ್ಟಿ ಡಾಟ್ ಆರ್ಗ್ ಎಂಬ ವಿಳಾಸವನ್ನು ತುಂಬ ಜನ ಅಧಿಕೃತ ಅಂದುಕೊಂಡಿದ್ದಾರೆ. ಅದು ಪುಟ್ಟಿ ತಯಾರಿಸುವವರದ್ದಲ್ಲ. ವಿನ್‌ಎಸ್‌ಸಿಪಿ, ಫೈಲ್‌ಜಿಲ್ಲಾ ಆಗಲೇ ಇದ್ದರೆ ಹುಡುಕಾಟವೇ ಬೇಡ. ಅದರ ‘ಹೆಲ್ಪ್’ ಮೆನುವಿನಲ್ಲಿ ಅಪ್‌ಡೇಟ್ ನೋಡುವ ಆಯ್ಕೆ ಇದೆ.

ನೀವು ಈಗಾಗಲೇ ಒತ್ತಿಬಿಟ್ಟಿದ್ದೀರಿ. ಆ ಲ್ಯಾಪ್‌ಟಾಪ್‌ನ ವೈಫೈ ಆಫ್ ಮಾಡಿ, ಕೇಬಲ್ ಇದ್ದರೆ ಕೀಳಿ. ನಿಮ್ಮ ಆಫೀಸ್‌ನ ಐಟಿಯವರಿಗೆ ಈಗಲೇ ಹೇಳಿ. ಬೈಗುಳ ತಿಂದರೂ ಪರವಾಗಿಲ್ಲ, ತಡ ಆಗಬಾರದು. ಬೇರೆ ಕಂಪ್ಯೂಟರ್‌ನಿಂದ ಎಲ್ಲ ಸರ್ವರ್‌ಗಳ ಕೀ ಮತ್ತು ಪಾಸ್‌ವರ್ಡ್ ಬದಲಿಸಿ, ಮೇಲ್‌ನದೂ ಸೇರಿ. ಡೇಟಾ ಉಳಿಸಿಕೊಂಡು ವಿಂಡೋಸ್ ಪೂರ್ತಿ ಹೊಸದಾಗಿ ಹಾಕಿಸಿ. ಅಲ್ಲಿಯವರೆಗೆ ಆ ಲ್ಯಾಪ್‌ಟಾಪ್‌ನಲ್ಲಿ ಹೊಸ ಪಾಸ್‌ವರ್ಡ್ ಒಂದನ್ನೂ ಟೈಪ್ ಮಾಡಬೇಡಿ.