ಅಪ್ಪನ ಕೈಯಲ್ಲಿ ಟಾರ್ಚು

ಪ್ರಶ್ನೆ: ನನಗೆ 35 ವರ್ಷ, ನಮ್ಮವರಿಗೆ 47. ನಾಪೋಕ್ಲು ಬಳಿ ಕಾಫಿ ತೋಟವಿದೆ. ತಮ್ಮಂದಿರ ಪಾಲು, ಸಾಲ, ಮಾವನವರ ಕಾಯಿಲೆ ಎಂದು ಅವರ ಮದುವೆಯೇ ತಡವಾಯಿತು. ಈಗ ಒಂಬತ್ತು ವಾರದ ಮಗಳಿದ್ದಾಳೆ. ತುಂಬು ತಿಂಗಳಿಗೆ ಹುಟ್ಟಿದ ಕೂಸು, ಆರೋಗ್ಯವಾಗಿದ್ದಾಳೆ. ನಾನು ವಿರಾಜಪೇಟೆಯ ತವರಿನಲ್ಲಿ ಬಾಣಂತನದಲ್ಲಿದ್ದೇನೆ. ಅಪ್ಪನಿಗೆ ವಯಸ್ಸಾಗಿದ್ದರೆ ಮಗುವಿನ ಮಿದುಳು ಸರಿಯಾಗಿ ಬೆಳೆಯುವುದಿಲ್ಲವೆಂದು ಇವರು ಮೊಬೈಲಿನಲ್ಲಿ ಓದಿದ್ದಾರೆ. ಭಾನುವಾರ ಬಂದರೆ ಮಗುವಿನ ಕಿವಿಯ ಬಳಿ ಚಪ್ಪಾಳೆ ತಟ್ಟುತ್ತಾರೆ, ಕಣ್ಣಿಗೆ ಟಾರ್ಚು ಬಿಡುತ್ತಾರೆ, ಡೈರಿಯಲ್ಲಿ ಬರೆದುಕೊಳ್ಳುತ್ತಾರೆ. ಎತ್ತಿಕೊಳ್ಳುವುದಿಲ್ಲ. ನಾನು ಮಾತನಾಡಿಸಿದರೆ ಮಗಳು ಬಾಯಿ ಅಗಲಿಸಿ ನಗುತ್ತಾಳೆ, ಹೇಳಿದರೆ ನಂಬುವುದಿಲ್ಲ. ಕೊಯ್ಲು ಇದೆ ಎಂದು ಸಂಜೆಯೇ ಹೊರಟುಬಿಡುತ್ತಾರೆ. ಅತ್ತೆಯ ಕಡೆಯವರೋ ‘ವಯಸ್ಸಾದ ಮೇಲೆ ಹೆತ್ತದ್ದು’ ಎಂದು ನನ್ನನ್ನೇ ಆಡಿಕೊಳ್ಳುತ್ತಾರೆ. ಇವರು ಓದಿದ್ದು ನಿಜವೇ? ನಾನೇನು ಮಾಡಲಿ?

ಉತ್ತರ: ಓದಿದ್ದರಲ್ಲಿ ಒಂದು ಎಳೆ ನಿಜ. ಅದನ್ನು ಮುಚ್ಚಿಟ್ಟು ‘ಏನೂ ಆಗುವುದಿಲ್ಲ ಬಿಡಿ’ ಎಂದರೆ ಡೈರಿ ಬರೆಯುವ ಮನುಷ್ಯನಿಗೆ ಅನುಮಾನ ಇನ್ನಷ್ಟು ಹೆಚ್ಚುತ್ತದೆ. ಆದ್ದರಿಂದ ಆ ಎಳೆಯನ್ನು ಪೂರ್ತಿ ಎಳೆದು ನೋಡಿಬಿಡೋಣ.

ಹೆಣ್ಣು ತನ್ನ ಅಂಡಾಣುಗಳನ್ನು ಹುಟ್ಟುವಾಗಲೇ ಹೊತ್ತು ಬರುತ್ತಾಳೆ. ಗಂಡಿನಲ್ಲಿ ವೀರ್ಯಾಣುಗಳ ತಯಾರಿ ಹರೆಯದಿಂದ ಮುಪ್ಪಿನವರೆಗೂ ನಡೆದೇ ಇರುತ್ತದೆ. ಅದರ ಮೂಲಕೋಶಗಳು ವರ್ಷಕ್ಕೆ ಸುಮಾರು 23 ಸಲ ವಿಭಜನೆಯಾಗುತ್ತವೆ. ಪ್ರತಿ ಸಲವೂ ಇಡೀ ವಂಶವಾಹಿಯನ್ನು ನಕಲು ಮಾಡಬೇಕು, ನಕಲು ಮಾಡುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತದೆ. ಐಸ್‌ಲ್ಯಾಂಡಿನ ಕುಟುಂಬಗಳನ್ನು ಅಧ್ಯಯನ ಮಾಡಿ 2012ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: 20 ವರ್ಷದ ಅಪ್ಪನಿಂದ ಮಗುವಿಗೆ ಸುಮಾರು 25 ಹೊಸ ಬದಲಾವಣೆಗಳು ಬಂದರೆ, 40 ವರ್ಷದ ಅಪ್ಪನಿಂದ ಸುಮಾರು 65. ಅಮ್ಮನಿಂದ ಬಂದದ್ದು ಸುಮಾರು 15. (ತಾಯಿಯ ವಯಸ್ಸಿಗೆ ಬೇರೆ ಲೆಕ್ಕಗಳಿವೆ, ಇಲ್ಲವೆನ್ನುವುದಿಲ್ಲ. ಆದರೂ ಈ ಸಾಲನ್ನು ಅತ್ತೆಯ ಕಡೆಯವರಿಗೆ ಕೇಳಿಸುವಂತೆ ಒಮ್ಮೆ ಗಟ್ಟಿಯಾಗಿ ಓದಿ.) ವಂಶವಾಹಿಯ 300 ಕೋಟಿ ಅಕ್ಷರಗಳ ಪುಸ್ತಕದಲ್ಲಿ ಈ ತಪ್ಪುಗಳಲ್ಲಿ ಬಹುಪಾಲು ಯಾವ ಅರ್ಥವನ್ನೂ ಕೆಡಿಸುವುದಿಲ್ಲ.

ಇನ್ನು ಮಿದುಳು. ಲಂಡನ್ನಿನಲ್ಲಿ ನವಜಾತ ಶಿಶುಗಳ ಮಿದುಳನ್ನು ಎಂಆರ್‌ಐ ಮಾಡಿ ನೋಡಿದವರಿಗೆ, ಮಿದುಳಿನ ಭಾಗಗಳನ್ನು ಒಂದಕ್ಕೊಂದು ಜೋಡಿಸುವ ಬಿಳಿಯ ನಾರುಗಳ ರಚನೆಯಲ್ಲಿ ಅಪ್ಪನ ವಯಸ್ಸಿಗೆ ತಕ್ಕಂತೆ ಸೂಕ್ಷ್ಮ ವ್ಯತ್ಯಾಸಗಳು ಕಂಡವು. ನಿಮ್ಮವರು ಓದಿದ್ದು ಬಹುಶಃ ಇದರ ಸುತ್ತಲಿನ ಸುದ್ದಿ. ಆ ಶಿಶುಗಳೂ ತುಂಬು ತಿಂಗಳಿಗೆ ಹುಟ್ಟಿ ಆರೋಗ್ಯವಾಗಿದ್ದವು, ನಿಮ್ಮ ಮಗಳ ಹಾಗೆ. ಕಂಡದ್ದು ಗುಂಪಿನ ಸರಾಸರಿಯಲ್ಲಿ. ಒಂದು ಮಗುವನ್ನು ತೋರಿಸಿ ‘ಇದರ ಅಪ್ಪನಿಗೆ ವಯಸ್ಸಾಗಿದೆ’ ಎಂದು ಯಾರೂ ಹೇಳಲಾರರು. ‘ಮಿದುಳು ಬೆಳೆಯುವುದಿಲ್ಲ’ ಎಂಬುದು ಶೀರ್ಷಿಕೆ ಬರೆದವರ ಸೇರ್ಪಡೆ.

ಆಟಿಸಂ, ಅಂದರೆ ಮಗು ಇತರರೊಡನೆ ಬೆರೆಯುವ, ಮಾತಾಡುವ ರೀತಿಯೇ ಬೇರೆಯಾಗಿ ಬೆಳೆಯುವ ಸ್ಥಿತಿ, ಅದರ ಬಗ್ಗೆಯೂ ಅವರು ಓದಿರುತ್ತಾರೆ. ಐದು ದೇಶಗಳ 57 ಲಕ್ಷ ಮಕ್ಕಳ ದಾಖಲೆ ನೋಡಿದಾಗ, ಇಪ್ಪತ್ತರ ಹರೆಯದ ಅಪ್ಪಂದಿರ ಮಕ್ಕಳಿಗಿಂತ ನಲವತ್ತರಿಂದ ನಲವತ್ತೊಂಬತ್ತು ವರ್ಷದ ಅಪ್ಪಂದಿರ ಮಕ್ಕಳಲ್ಲಿ ಆಟಿಸಂ ಶೇಕಡಾ 28ರಷ್ಟು ಹೆಚ್ಚಿತ್ತು. ಅಬ್ಬಾ ಎನಿಸುತ್ತದೆ. ಆದರೆ ಕಾಳುಮೆಣಸಿನ ಬೆಲೆ ಏರಿದೆ ಎಂದು ವ್ಯಾಪಾರಿ ಹೇಳಿದರೆ, ಎಷ್ಟರಿಂದ ಎಷ್ಟಕ್ಕೆ ಎಂದು ಕೇಳದೆ ನಿಮ್ಮ ಯಜಮಾನರು ಚೀಲ ತೂಗಿಸುತ್ತಾರೆಯೇ? ಇಲ್ಲೂ ಕೇಳಲಿ. ಸಾವಿರ ಮಕ್ಕಳಲ್ಲಿ ಹತ್ತಕ್ಕೆ ಆಟಿಸಂ ಇದೆ ಎಂದಿಟ್ಟುಕೊಂಡರೆ, ಶೇಕಡಾ 28 ಹೆಚ್ಚು ಎಂದರೆ ಹದಿಮೂರು. ಉಳಿದ 987 ಮಕ್ಕಳಿಗೆ ಇಲ್ಲ.

ಟಾರ್ಚಿನ ಪರೀಕ್ಷೆಗೆ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಆರರಿಂದ ಎಂಟು ವಾರಗಳ ಹೊತ್ತಿಗೆ ಮಗು ಎದುರಿನ ಮುಖ ನೋಡಿ ನಗಬೇಕೆಂದು ಮಕ್ಕಳ ವೈದ್ಯರು ಎದುರು ನೋಡುತ್ತಾರೆ. ನಿಮ್ಮ ಮಗಳು ನಗುತ್ತಿದ್ದಾಳೆ. ನಿಮ್ಮವರು ಅದನ್ನು ಕಂಡಿಲ್ಲ, ಏಕೆಂದರೆ ಟಾರ್ಚು ಹಿಡಿದವರ ಮುಖ ಮಗುವಿಗೆ ಕಾಣುವುದೇ ಇಲ್ಲ. ಚಪ್ಪಾಳೆಯಿಂದಲೂ ಕಿವಿ ಕೇಳುತ್ತದೆಯೇ ಎಂದು ಗೊತ್ತಾಗದು. ಕೈ ಬೀಸಿದ ಗಾಳಿಗೂ ಕೂಸು ಬೆಚ್ಚುತ್ತದೆ. ಶಿಶುಗಳ ಶ್ರವಣ ಪರೀಕ್ಷೆಗೆ ಉಪಕರಣವಿದೆ, ಆಗಿರದಿದ್ದರೆ ವೈದ್ಯರನ್ನು ಕೇಳಿ ಮಾಡಿಸಿ.

ನನಗೆ ಚಿಂತೆಯಾದದ್ದು ಮಗುವಿನದಲ್ಲ. ಎತ್ತಿಕೊಳ್ಳುವುದಿಲ್ಲ, ಸಂಜೆಯೇ ಹೊರಡುತ್ತಾರೆ ಎಂಬ ಎರಡು ಮಾತುಗಳು. ಕೊಯ್ಲಿನ ಕಾಲದಲ್ಲಿ ತೋಟದವರಿಗೆ ಬಿಡುವಿಲ್ಲ, ನಿಜ. ಆದರೆ ಮಗುವಿಗೆ ತಾನೇ ಕೆಡುಕು ಮಾಡಿದೆನೆಂದು ನಂಬಿದ ಮನುಷ್ಯ ಅದರಿಂದ ದೂರ ನಿಲ್ಲುವುದೂ ಹೀಗೆಯೇ. ಹೆರಿಗೆಯ ನಂತರದ ಖಿನ್ನತೆ ಬಾಣಂತಿಗೆ ಮಾತ್ರ ಎಂದು ನಾವು ತಿಳಿದಿದ್ದೇವೆ. ಹತ್ತು ಅಪ್ಪಂದಿರಲ್ಲಿ ಸುಮಾರು ಒಬ್ಬರಿಗೆ ಅದು ಬರುತ್ತದೆ. ಅಪ್ಪನ ಖಿನ್ನತೆ ಮಗುವಿನ ಮುಂದಿನ ನಡವಳಿಕೆಯ ಮೇಲೂ ನೆರಳು ಚಾಚಬಲ್ಲದು. 47 ವರ್ಷವನ್ನು ಕಡಿಮೆ ಮಾಡಲಾಗದು, ಖಿನ್ನತೆಯನ್ನು ಕಡಿಮೆ ಮಾಡಬಹುದು. ನಿದ್ದೆ, ಊಟ ಹೇಗಿದೆ ಎಂದು ವಿಚಾರಿಸಿ. ಸರಿಯಿಲ್ಲವೆನಿಸಿದರೆ ವೈದ್ಯರ ಬಳಿ ಕಳುಹಿಸಿ. ಅಷ್ಟು ದೂರ ಒಪ್ಪದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಲಿ, ಕನ್ನಡದಲ್ಲಿ ಮಾತನಾಡುತ್ತಾರೆ, ಶುಲ್ಕವಿಲ್ಲ.

ಮುಂದಿನ ವಾರ ಮಗಳಿಗೆ ಹತ್ತನೆಯ ವಾರದ ಚುಚ್ಚುಮದ್ದು ಇದೆಯಲ್ಲವೇ? ತಾಯಿ ಕಾರ್ಡ್ ತೆಗೆದು ನೋಡಿ. ಅಂದು ತೋಟದ ಕೆಲಸವನ್ನು ತಮ್ಮಂದಿರಲ್ಲಿ ಯಾರಾದರೂ ನೋಡಿಕೊಳ್ಳಲಿ, ಇವರೇ ಬರಬೇಕೆಂದು ಹೇಳಿ. ಡೈರಿಯನ್ನೂ ತರಲಿ, ನಗಬೇಡಿ, ಅದರಲ್ಲಿರುವ ಪ್ರಶ್ನೆಗಳನ್ನೆಲ್ಲ ಮಕ್ಕಳ ವೈದ್ಯರ ಮುಂದೆ ಇವರೇ ಓದಲಿ. ಕತ್ತು ಯಾವಾಗ ನಿಲ್ಲಬೇಕು, ಹೆಸರು ಕರೆದರೆ ಯಾವಾಗ ತಿರುಗಬೇಕು, ಯಾವುದಕ್ಕೆ ಮತ್ತೆ ತೋರಿಸಬೇಕು ಎಂದು ಅವರಿಂದಲೇ ಬರೆಸಿಕೊಳ್ಳಲಿ. ಚುಚ್ಚುವಾಗ ಮಗು ಅಪ್ಪನ ಮಡಿಲಿನಲ್ಲಿರಲಿ. ಅತ್ತಾಗ ನೀವು ತಕ್ಷಣ ಕೈಚಾಚಬೇಡಿ, ಸ್ವಲ್ಪ ಹೊತ್ತು ಅವರೇ ಸಮಾಧಾನ ಮಾಡಲಿ. ಟಾರ್ಚನ್ನು ನಿಮ್ಮ ತಾಯಿಗೆ ಕೊಟ್ಟುಬಿಡಿ, ಕರೆಂಟು ಹೋದಾಗ ಬೇಕಾಗುತ್ತದೆ.