ಬಿಸಿಲಿನ ತೂಬು ಯಾರ ಕೈಲಿ?

ಪ್ರಶ್ನೆ: ಆಕಾಶಕ್ಕೆ ಗಂಧಕ ಸಿಂಪಡಿಸಿ ಭೂಮಿಯನ್ನೇ ತಂಪು ಮಾಡಬಹುದಂತೆ. ಈ ಸಲದ ಬಿಸಿಲಿಗೆ ನಮ್ಮ ಅಡಿಕೆ ಸಸಿ ಸುಟ್ಟುಹೋದವು. ತಂಪಾಗುತ್ತೆ ಅಂದರೆ ಮಾಡಲಿ ಬಿಡಿ. ಇದರಲ್ಲಿ ನ್ಯಾಯ ಅನ್ಯಾಯದ ಮಾತು ಯಾಕೆ?
– ಒಬ್ಬ ರೈತ, ಮಲೇಬೆನ್ನೂರು

ಉತ್ತರ: ತಂಪಾಗುವುದು ಸುಳ್ಳಲ್ಲ. 1991ರಲ್ಲಿ ಫಿಲಿಪ್ಪೀನ್ಸ್‌ನ ಪಿನಟೂಬೊ ಜ್ವಾಲಾಮುಖಿ ಸಿಡಿದು ಗಂಧಕ ಮೇಲೇರಿತು, ಅದರ ಕಣಗಳು ಒಂದಷ್ಟು ಬಿಸಿಲನ್ನು ಮೇಲಿಂದಲೇ ವಾಪಸ್ ಕಳಿಸಿದವು. ಮರುವರ್ಷ ಭೂಮಿಯ ಸರಾಸರಿ ಉಷ್ಣಾಂಶ ಸುಮಾರು ಅರ್ಧ ಡಿಗ್ರಿ ಇಳಿಯಿತು. ಜೊತೆಗೆ ನೆಲದ ಮೇಲೆ ಬೀಳುವ ಮಳೆಯೂ ಕಡಿಮೆಯಾಯಿತು. ತಕರಾರು ಇರೋದು ಅಲ್ಲೇ.

ನಮ್ಮೂರ ಕೆರೆಯ ನೀರುಗಂಟಿ ಸೊಂಟಮಟ್ಟ ನೀರಿಗಿಳಿದು ತೂಬು ಎತ್ತುತ್ತಿದ್ದ. ಏರಿ ಮೇಲೆ ಮೇಲಿನ ಗದ್ದೆಯವರೂ ಕೆಳಗಿನ ಗದ್ದೆಯವರೂ ನಿಂತಿರಬೇಕು. ಒಬ್ಬರು ಬಂದಿಲ್ಲ ಅಂದರೆ ಬೀಡಿ ಹಚ್ಚಿಕೊಂಡು ಸುಮ್ನೆ ಕೂರುತ್ತಿದ್ದ, ತೂಬಿಗೆ ಕೈ ಹಾಕುತ್ತಿರಲಿಲ್ಲ. ಭದ್ರಾ ನಾಲೆಯ ಕೊನೆ ಭಾಗದವರು ನೀವು. ಮೇಲಿನವರು ಪಂಪ್‌ಸೆಟ್ ಇಟ್ಟರೆ ಏನಾಗುತ್ತೆ ಅಂತ ನಾನು ಹೇಳಬೇಕಾ? ಯಾವುದೋ ದೇಶ ವಿಮಾನ ಹಾರಿಸಿ ನಮ್ಮ ಮುಂಗಾರು ಕೈಕೊಟ್ಟರೆ ಯಾರನ್ನು ಕೇಳೋಣ?

2021ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದವರು ಸ್ವೀಡನ್‌ನ ಕಿರುನಾದಲ್ಲಿ ಇದೇ ಉಪಾಯದ ಸಂಶೋಧನೆಗಾಗಿ, ಬರೀ ಉಪಕರಣ ಪರೀಕ್ಷೆಗೆ ಬಲೂನ್ ಹಾರಿಸಲು ಹೊರಟಿದ್ದರು. ಏನನ್ನೂ ಸಿಂಪಡಿಸುವುದಿರಲಿಲ್ಲ. ಆದರೂ ಅಲ್ಲಿನ ಮೂಲನಿವಾಸಿ ಸಾಮಿ ಜನರ ಸಂಘಟನೆ ನಮ್ಮನ್ನು ಕೇಳಿಲ್ಲ ಅಂತ ವಿರೋಧಿಸಿತು, ಬಲೂನ್ ಹಾರಲಿಲ್ಲ. ಅತಿಯಾಯಿತು ಅಂದವರಿದ್ದಾರೆ. ನನಗೇನೋ ಹಾಗನ್ನಿಸಲಿಲ್ಲ.

ಇನ್ನೊಂದು ನನ್ನದೇ ಕಥೆ. ಬಿ.ಪಿ. ಮಾತ್ರೆ ಶುರುವಾದ ಮೇಲೆ ನಾನು ಮಿರ್ಚಿ ಮಂಡಕ್ಕಿ ಬಿಡಲಿಲ್ಲ, ಜಾಸ್ತಿ ಮಾಡಿದೆ. ಮಾತ್ರೆ ಇದೆಯಲ್ಲ! ಶರ್ಟಿನ ಮೇಲಿನ ಎಣ್ಣೆ ಕಲೆ ನೋಡಿ ಮನೆಯವರು ಹಿಡಿದುಬಿಟ್ಟರು. ಭೂಮಿಗೂ ಇಂಥ ಮಾತ್ರೆ ಸಿಕ್ಕರೆ ಕಲ್ಲಿದ್ದಲು ಸುಡೋದನ್ನು ಯಾರು ಬಿಡುತ್ತಾರೆ? ತಿಳಿದವರು ಇದಕ್ಕೆ ಮಾರಲ್ ಹಜಾರ್ಡ್ ಅನ್ನುತ್ತಾರೆ. ಈ ಉಪಾಯವನ್ನು 2006ರಲ್ಲಿ ಚರ್ಚೆಗೆ ತಂದ ನೊಬೆಲ್ ವಿಜ್ಞಾನಿ ಪೌಲ್ ಕ್ರುಟ್ಜೆನ್ ಕೂಡ, ಹೊಗೆ ಕಡಿಮೆಯಾಗಿ ಇದರ ಅಗತ್ಯವೇ ಬಾರದಿದ್ದರೆ ಒಳ್ಳೇದು ಅಂತಲೇ ಬರೆದಿದ್ದರು.

ಮಾತ್ರೆ ನಿಲ್ಲಿಸಿದರೆ? ಗಂಧಕದ ಕಣ ಮೇಲೆ ಉಳಿಯುವುದು ಒಂದೆರಡು ವರ್ಷ. ನಾವು ಬಿಟ್ಟ ಇಂಗಾಲದ ಡೈಆಕ್ಸೈಡ್ ನೂರಾರು ವರ್ಷ ಇರುತ್ತೆ. ಯುದ್ಧವೋ ದುಡ್ಡಿನ ಮುಗ್ಗಟ್ಟೋ ಬಂದು ಸಿಂಪಡಿಸೋದು ನಿಂತರೆ, ಅಲ್ಲಿವರೆಗೆ ತಡೆದಿಟ್ಟ ಕಾವೆಲ್ಲ ಕೆಲವೇ ವರ್ಷದಲ್ಲಿ ಮೈಮೇಲೆ ಬರುತ್ತೆ. ನಾವು ಶುರು ಮಾಡಿದ್ದನ್ನು ಮೊಮ್ಮಕ್ಕಳು ಬೇಡ ಅನ್ನುವ ಹಾಗೂ ಇಲ್ಲ.

ಹಾಗಂತ ಸಂಶೋಧನೆಯೇ ಬೇಡ ಅನ್ನಲಾರೆ. ಬಿಸಿಲಿಗೆ ಮೊದಲು ಬಲಿಯಾಗೋದು ಹೊಗೆ ಬಿಟ್ಟವರಲ್ಲ, ನಿಮ್ಮ ತೋಟದ ಕೂಲಿಯವರಂಥವರು. ಪ್ರಯೋಗಾಲಯದಲ್ಲಿ, ಕಂಪ್ಯೂಟರಿನಲ್ಲಿ ಲೆಕ್ಕ ಹಾಕಲಿ. ಮುಗಿಲಿಗೆ ಕೈ ಹಾಕೋ ಮುಂಚೆ ಕೊನೆ ಭಾಗದವರೂ ಏರಿ ಮೇಲೆ ಬಂದು ನಿಂತಿರಬೇಕು.

ಅಂದಹಾಗೆ, ಸಸಿಗಳ ನೈಋತ್ಯಕ್ಕೆ ಬಾಳೆ ಹಾಕಿದ್ದಿರಾ? ಮಧ್ಯಾಹ್ನದ ಮೇಲಿನ ಬಿಸಿಲು ಬರೋದು ಆ ಕಡೆಯಿಂದಲೇ.