ಕೊರಿಲೇಷನ್ 1 ದಾಟಿದರೆ ಕತ್ತರಿಸಬೇಡಿ, ಕಾರಣ ಹುಡುಕಿ

ಎಫ್‌ಎಫ್‌ಟಿ (ಸಿಗ್ನಲನ್ನು ಆವರ್ತನಗಳಾಗಿ ಬಿಡಿಸುವ ವೇಗದ ಲೆಕ್ಕ) ಅಂದರೇನು ಎಂಬಲ್ಲಿಂದ ಶುರು ಮಾಡುವುದಿಲ್ಲ. ಅದನ್ನು ಬಲ್ಲವರೇ ಮತ್ತೆ ಮತ್ತೆ ಎಡವುವ ಜಾಗಗಳಿಗಷ್ಟೇ ಇಲ್ಲಿ ಉತ್ತರ.

ಪ್ರಶ್ನೆ: ಸೆಕೆಂಡಿಗೆ 100 ಸ್ಯಾಂಪಲ್‌ನ ಒಂದು ದಿನದ ಭೂಕಂಪನ ದಾಖಲೆಯಲ್ಲಿ 4 ಸೆಕೆಂಡಿನ ಟೆಂಪ್ಲೇಟ್ (ಮಾದರಿ ಅಲೆ) ಹುಡುಕುತ್ತಿದ್ದೇನೆ. ಎಫ್‌ಎಫ್‌ಟಿಯಿಂದ ನಾರ್ಮಲೈಸ್ಡ್ ಕ್ರಾಸ್-ಕೊರಿಲೇಷನ್ (ಎರಡು ಅಲೆಗಳ ಆಕಾರ ಎಷ್ಟು ಹೋಲುತ್ತದೆ ಎಂಬ ಅಳತೆ) ತೆಗೆದರೆ ಕೆಲವೆಡೆ 1.7, ಕೆಲವೆಡೆ ಇನ್ಫಿನಿಟಿ. 1 ಮೀರಿದ್ದನ್ನು 1 ಎಂದೇ ಇಟ್ಟುಕೊಳ್ಳಬಹುದೇ?

ಖಂಡಿತ ಕೂಡದು. ಈ ಬೆಲೆ -1 ಮತ್ತು 1ರ ನಡುವೆಯೇ ಇರಬೇಕು. 1.7 ಬಂತೆಂದರೆ ಅಂಶವೋ ಛೇದವೋ ತಪ್ಪಿದೆ. ಅದನ್ನು ಕತ್ತರಿಸಿ 1 ಮಾಡಿದರೆ ನಿಮ್ಮ ಅತಿ ಕೆಟ್ಟ ತಪ್ಪೇ ಅತ್ಯುತ್ತಮ ಹೊಂದಾಣಿಕೆಯಾಗಿ ಪಟ್ಟಿಯ ಮೇಲೆ ಕೂರುತ್ತದೆ.

ಮೊದಲು ಅಂಶ, ಅಂದರೆ ಟೆಂಪ್ಲೇಟನ್ನು ದಾಖಲೆಯ ಪ್ರತಿ ಜಾಗದಲ್ಲಿಟ್ಟು ಗುಣಿಸಿ ಕೂಡಿದ ಮೊತ್ತ. ದಿನಕ್ಕೆ 86.4 ಲಕ್ಷ ಸ್ಯಾಂಪಲ್, ಟೆಂಪ್ಲೇಟ್ 400. ನೇರವಾಗಿ ಮಾಡಿದರೆ ಸುಮಾರು 346 ಕೋಟಿ ಗುಣಾಕಾರ, ಅದಕ್ಕೇ ಎಫ್‌ಎಫ್‌ಟಿ. ಟೆಂಪ್ಲೇಟಿನ ಸರಾಸರಿಯನ್ನು ಕಳೆದು, ಆಮೇಲೆ 4096ರವರೆಗೆ ಸೊನ್ನೆ ತುಂಬಿ. ಈ ಕ್ರಮ ತಿರುಗಿಸಿದರೆ ತುಂಬಿದ ಸೊನ್ನೆಗಳೆಲ್ಲ ಸೊನ್ನೆಯಾಗಿ ಉಳಿಯುವುದಿಲ್ಲ. ಅದರ ಎಫ್‌ಎಫ್‌ಟಿಯ ಕಾಂಜುಗೇಟನ್ನು (ಕಾಲ್ಪನಿಕ ಭಾಗದ ಚಿಹ್ನೆ ತಿರುಗಿಸಿದ್ದು) ಒಮ್ಮೆ ತೆಗೆದಿಡಿ. ದಾಖಲೆಯಿಂದ 4096 ಸ್ಯಾಂಪಲ್‌ನ ತುಂಡು ತೆಗೆದು ಎಫ್‌ಎಫ್‌ಟಿ ಮಾಡಿ, ಗುಣಿಸಿ, ಹಿಂದಕ್ಕೆ ತನ್ನಿ. ಮೊದಲ 3697 ಬೆಲೆಗಳು ಮಾತ್ರ ಸರಿ. ಕೊನೆಯ 399 ಸುತ್ತಿಕೊಂಡು ಬಂದ ಕಸ, ಎಸೆಯಿರಿ. 3697 ಮುಂದೆ ಸರಿದು ಮುಂದಿನ ತುಂಡು ತೆಗೆದುಕೊಳ್ಳಿ. ಟೆಂಪ್ಲೇಟನ್ನು ತಿರುವಿ ಕನ್ವಲ್ಯೂಷನ್ ಮಾಡುವವರು ಮೊದಲ 399 ಎಸೆಯಬೇಕು. ಎರಡು ವಿಧಾನ ಬೆರೆಸಿದವರು ಎರಡು ಕಡೆಯೂ ಕೆಡುತ್ತಾರೆ.

ಛೇದಕ್ಕೆ ಎಫ್‌ಎಫ್‌ಟಿ ಬೇಡ. ಸಿಗ್ನಲ್‌ನ ಮತ್ತು ಅದರ ವರ್ಗದ ಸಂಚಿತ ಮೊತ್ತಗಳೆರಡು ಸಾಕು: ಕಿಟಕಿಯ (ಟೆಂಪ್ಲೇಟಿನ ಕೆಳಗೆ ಬೀಳುವ 400 ಸ್ಯಾಂಪಲ್) ವರ್ಗಗಳ ಮೊತ್ತದಿಂದ, ಮೊತ್ತದ ವರ್ಗವನ್ನು 400ರಿಂದ ಭಾಗಿಸಿದ್ದನ್ನು ಕಳೆಯಿರಿ. ಸರಾಸರಿ ಕಳೆದ ಟೆಂಪ್ಲೇಟಿನ ಶಕ್ತಿಯಿಂದ (ವರ್ಗಗಳ ಮೊತ್ತ) ಗುಣಿಸಿ ವರ್ಗಮೂಲ ತೆಗೆಯಿರಿ. ಅಂಶದಲ್ಲಿ ಕಿಟಕಿಯ ಸರಾಸರಿಯನ್ನು ಬೇರೆ ಕಳೆಯಬೇಕಿಲ್ಲ. ಟೆಂಪ್ಲೇಟಿನ ಮೊತ್ತ ಸೊನ್ನೆಯಾದ್ದರಿಂದ ಅದು ತಾನೇ ಹೋಗುತ್ತದೆ.

ಈಗ ನಿಮ್ಮ 1.7. ಅದು ಎಲ್ಲಿ ಬಂದಿದೆ ನೋಡಿ. ಅಲೆ ಜೋರಾಗಿ ಏರುವ ಜಾಗದಲ್ಲಿ ಬಂದಿದ್ದರೆ ಛೇದ ಒಂದು ಸ್ಯಾಂಪಲ್ ಜಾರಿದೆ. ಕಾಗದದ ಮೇಲೆ ಮಾಡಿ: ಟೆಂಪ್ಲೇಟ್ 1, 2, 3, ಸರಾಸರಿ ಕಳೆದರೆ -1, 0, 1. ಸಿಗ್ನಲ್ 5, 5, 5, 10, 20, 30, 5. ಕಿಟಕಿ 10, 20, 30ಕ್ಕೆ ಅಂಶ 20, ಛೇದವೂ 20, ಉತ್ತರ 1. ಅದೇ ಅಂಶಕ್ಕೆ ಹಿಂದಿನ ಕಿಟಕಿಯ ಛೇದ 15.28 ಸಿಕ್ಕಿದರೆ ಉತ್ತರ 1.31. ಸಂಚಿತ ಮೊತ್ತದ ತಲೆಯಲ್ಲಿ ಒಂದು ಸೊನ್ನೆಯ ಬದಲು ಎರಡು ಇಟ್ಟರೆ ಆಗುವುದು ಇದೇ.

ನಿಶ್ಶಬ್ದ ಭಾಗದಲ್ಲಿ ಬಂದಿದ್ದರೆ ಅಂಕೆಗಳ ನಿಖರತೆ ಸತ್ತಿದೆ. ದಾಖಲೆಗೆ 10 ಲಕ್ಷ ಕೌಂಟ್‌ನ (ಉಪಕರಣ ಬರೆಯುವ ಅಂಕೆಯ ಘಟಕ) ಆಫ್‌ಸೆಟ್, ಅಂದರೆ ಇಡೀ ದಾಖಲೆಯನ್ನೇ ಮೇಲೆತ್ತಿದ ಸ್ಥಿರ ಬೆಲೆ, ಇದೆ ಎನ್ನಿ. ವರ್ಗಗಳ ಸಂಚಿತ ಮೊತ್ತ ದಿನದ ಕೊನೆಗೆ 8.64 × 10^18 ಮುಟ್ಟುತ್ತದೆ. ಅಷ್ಟು ಎತ್ತರದಲ್ಲಿ 64 ಬಿಟ್ ಫ್ಲೋಟಿಂಗ್-ಪಾಯಿಂಟ್ ಸಂಖ್ಯೆಯ ಒಂದು ಹೆಜ್ಜೆಯೇ 1024! ಒಂದು ಕೌಂಟ್ ಅಲುಗಾಟದ 400 ಸ್ಯಾಂಪಲ್‌ಗಳ ನಿಜವಾದ ಶಕ್ತಿ 400ರ ಆಸುಪಾಸು. ಸಿಗುವುದು ಸೊನ್ನೆಯೋ ಸಾವಿರವೋ ಋಣವೋ. ಆದ್ದರಿಂದ ಮೊದಲು ಇಡೀ ದಿನದ ಸರಾಸರಿ ಕಳೆಯಿರಿ ಅಥವಾ ಬ್ಯಾಂಡ್‌ಪಾಸ್ (ಬೇಕಾದ ಆವರ್ತನಗಳನ್ನಷ್ಟೇ ಬಿಡುವ ಫಿಲ್ಟರ್) ಹಾಕಿ, ಮತ್ತು ಸಂಚಿತ ಮೊತ್ತವನ್ನು ಪ್ರತಿ ತುಂಡಿಗೂ ಹೊಸದಾಗಿ ಶುರು ಮಾಡಿ. 32 ಬಿಟ್ ಬೇಡವೇ ಬೇಡ. ಎಫ್‌ಎಫ್‌ಟಿಯ ದೋಷ ತುಂಡಿನ ಅತಿ ದೊಡ್ಡ ಅಲೆಗೆ ತಕ್ಕಂತೆ ಇಡೀ ತುಂಡಿಗೆ ಹರಡುತ್ತದೆ. ದೊಡ್ಡ ಕಂಪನದ ಪಕ್ಕದ ಸಣ್ಣದು ಅದರಲ್ಲಿ ಮುಳುಗಿಹೋಗುತ್ತದೆ.

ಉಪಕರಣ ನಿಂತಾಗ ಒಂದೇ ಬೆಲೆ ತುಂಬಿದ ಜಾಗದಲ್ಲಿ ಛೇದ ಸೊನ್ನೆ, ಇನ್ಫಿನಿಟಿ ಅಲ್ಲಿಂದ ಬರುತ್ತದೆ. ಛೇದಕ್ಕೆ ಚಿಟಿಕೆಯಷ್ಟು ಸಂಖ್ಯೆ ಸೇರಿಸಿ ಎಂದು ಹೇಳಿಕೊಡುವವರನ್ನು ನಂಬಬೇಡಿ, ಅದು ರೋಗವನ್ನು ಮುಚ್ಚುವ ಮದ್ದು. ಉಪಕರಣದ ಸ್ವಂತ ಗದ್ದಲಕ್ಕಿಂತ ಶಕ್ತಿ ಕಡಿಮೆಯಿರುವ ಕಿಟಕಿಯನ್ನು ನೇರವಾಗಿ 'ಉತ್ತರವಿಲ್ಲ' ಎಂದು ಗುರುತಿಸಿ. 1.0025 ಬಂದರೆ ಮಾತ್ರ ಗಾಬರಿ ಬೇಡ: ಒಂದು ಕಡೆ 399ರಿಂದ, ಇನ್ನೊಂದು ಕಡೆ 400ರಿಂದ ಭಾಗಿಸಿದ್ದೀರಿ. ಮ್ಯಾಟ್‌ಲ್ಯಾಬ್ ಮತ್ತು ನಂಪೈ ಎಂಬ ಲೆಕ್ಕದ ತಂತ್ರಾಂಶಗಳು ವಿಚಲನೆಯನ್ನು (ಸರಾಸರಿಯಿಂದ ಬೆಲೆಗಳ ಹರಹು) ತಾವಾಗಿ ಲೆಕ್ಕ ಹಾಕುವ ಬಗೆ ಬೇರೆ ಬೇರೆ.

ಎಲ್ಲ ಆದ ಮೇಲೂ ಹತ್ತು ಕಿಟಕಿ ಆರಿಸಿ ನೇರ ಮೊತ್ತದಿಂದ ತಾಳೆ ನೋಡದೆ ಒಂದು ಫಲಿತಾಂಶವನ್ನೂ ಹೊರಗೆ ಬಿಡಬೇಡಿ.

ಪ್ರಶ್ನೆ: ಪ್ರತಿ ಆವರ್ತನವನ್ನು ಅದರ ಪ್ರಮಾಣದಿಂದ ಭಾಗಿಸಿದರೆ ನಾರ್ಮಲೈಸ್ ಆಯಿತಲ್ಲವೇ?

ಇಲ್ಲ. ಅದು ಫೇಸ್ ಕೊರಿಲೇಷನ್, ವಿಳಂಬ ಅಳೆಯುವ ಬೇರೆಯೇ ಸಾಧನ. ಬರೀ ಗದ್ದಲವಿರುವ ಆವರ್ತನಕ್ಕೂ ಅಲ್ಲಿ ಸಮಾನ ಮತ ಸಿಗುತ್ತದೆ.

ಪ್ರಶ್ನೆ: ಉದ್ದ 2ರ ಘಾತವೇ ಆಗಿರಬೇಕೇ?

ಬೇಡ. 2, 3, 5ರಿಂದ ಮಾತ್ರ ಒಡೆಯುವ ಯಾವ ಸಂಖ್ಯೆಯೂ ಸಾಕು.

ಪ್ರಶ್ನೆ: ಎರಡು ಕೇಂದ್ರಗಳ ದಾಖಲೆ ಹೋಲಿಸಿದಾಗ ಶಿಖರ ಸಾಲಿನ ಕೊನೆಯಲ್ಲಿ ಬಂತು.

ಅದು ಋಣ ವಿಳಂಬ. ಸ್ಥಾನದಿಂದ ಎಫ್‌ಎಫ್‌ಟಿಯ ಉದ್ದ ಕಳೆಯಿರಿ.

ಪ್ರಶ್ನೆ: 0.7 ದಾಟಿದರೆ ಭೂಕಂಪ ಎನ್ನಬಹುದೇ?

ಬ್ಯಾಂಡ್ (ಆವರ್ತನಗಳ ವ್ಯಾಪ್ತಿ) ಹೇಳದೆ ಕೇಳಬೇಡಿ. 2ರಿಂದ 4 ಹರ್ಟ್ಜ್ ಫಿಲ್ಟರ್ ಹಾಕಿದ 4 ಸೆಕೆಂಡಿನಲ್ಲಿ ಸ್ವತಂತ್ರ ಬೆಲೆಗಳು ಸುಮಾರು 16 ಮಾತ್ರ. ಬರೀ ಗದ್ದಲವೇ 0.25ರ ವಿಚಲನೆ ಕೊಡುತ್ತದೆ, ಲಕ್ಷಾಂತರ ಕಿಟಕಿಗಳಲ್ಲಿ 0.7 ಹಲವು ಸಲ ಬಂದೇ ಬರುತ್ತದೆ. 2ರಿಂದ 20 ಹರ್ಟ್ಜ್ ಆದರೆ ಬೆಲೆಗಳು 144, ವಿಚಲನೆ 0.08, ಆಗ 0.7ಕ್ಕೆ ತೂಕವಿದೆ. ಮಿತಿಯನ್ನು ಬೇರೆಯವರಿಂದ ಎರವಲು ತರದೆ ಆ ದಿನದ ಬೆಲೆಗಳ ಹರಹಿನಿಂದಲೇ ನಿಗದಿ ಮಾಡಿ.